ಗೊರಿಲ್ಲಾ ಎಲ್ಲಿ ಮಲಗುತ್ತದೆ

೧ ಮೇ ೧೯೬೬, ಭಾನುವಾರ

ಬೆಳಿಗ್ಗೆ ಗೋವಿಂದರಾಜು ಬಂದಿದ್ದರು. ಮಕ್ಕಳಿಗಾಗಿ ಅವರು ಅಚ್ಚು ಹಾಕಿಸುತ್ತಿರುವ ಪ್ರಾಣಿಗಳ ಮಾಲೆಯಲ್ಲಿ ನಾನೂ ಒಂದು ಪುಸ್ತಕ ಬರೆಯಬೇಕಂತೆ. ಆನೆ, ಸಿಂಹ, ಜಿರಾಫೆ, ಮೊಸಳೆ ಎಲ್ಲವನ್ನೂ ಬೇರೆಯವರು ಆರಿಸಿಕೊಂಡಾಗಿದೆ. ಉಳಿದಿರುವುದು ಗೊರಿಲ್ಲಾ. ಸೈನ್ಸ್ ಮೇಷ್ಟ್ರಿಗೆ ಯಾವ ಪ್ರಾಣಿಯಾದರೇನು ಎಂದು ನಕ್ಕು ಕಾಫಿ ಕುಡಿದು ಹೋದರು. ದಸರೆಯ ಹೊತ್ತಿಗೆ ಮೂವತ್ತು ಪುಟ.

ನಾನು ಗೊರಿಲ್ಲಾವನ್ನು ಕಣ್ಣಿಂದ ಕಂಡವನಲ್ಲ. ಲೈಬ್ರರಿಯಲ್ಲಿ ಒಂದು ಇಂಗ್ಲಿಷ್ ಪುಸ್ತಕ ಸಿಕ್ಕಿದೆ. ಅದರ ಲೇಖಕರು ಆಫ್ರಿಕದ ಬೆಟ್ಟದ ಮೇಲೆ ಬಂದೂಕಿಲ್ಲದೆ ತಿಂಗಳುಗಟ್ಟಲೆ ಕೂತು, ನೋಡಿದ್ದನ್ನಷ್ಟೇ ಬರೆದಿದ್ದಾರೆ. ನನಗೂ ಅದೇ ಬೇಕು. ಕಟ್ಟುಕಥೆ ಸೇರಿಸುವುದಿಲ್ಲ.

ಮೊದಲ ವಾಕ್ಯ ಬರೆದೆ: "ಗೊರಿಲ್ಲಾ ಬಾಲವಿಲ್ಲದ ದೊಡ್ಡ ವಾನರ, ಸಸ್ತನಿಗಳ ವರ್ಗಕ್ಕೆ ಸೇರಿದ್ದು." ಚಂದ್ರಮತಿ ಮೇಜಿನ ಕೆಳಗೆ ಕೂತು ಕೇಳುತ್ತಿದ್ದಳು. "ಅದು ಎಲ್ಲಿ ಮಲ್ಕೊಳ್ಳತ್ತೆ ಅಂತ ಬರೀಲೇ ಇಲ್ಲ ನೀನು" ಎಂದಳು. ಅದು ನಾಲ್ಕನೆಯ ಅಧ್ಯಾಯದಲ್ಲಿ ಬರುತ್ತದೆ ಎಂದೆ. ಅಲ್ಲಿಯವರೆಗೆ ಅದು ನಿಂತೇ ಇರಬೇಕಾ ಎಂದು ಕೇಳಿದಳು.

೭ ಮೇ, ಶನಿವಾರ

ನನ್ನ ಷಡ್ಡಕ ಕರಿಬಸವಯ್ಯನವರಿಂದ ಕಾಗದ ಬಂದಿದೆ. ಹೋದ ವರ್ಷ ಮರುಮದುವೆಯಾದರಲ್ಲ, ಈಗ ಅರಸೀಕೆರೆಯಲ್ಲಿ ಸಂಸಾರ ನೆಲೆಗೊಂಡಿದೆಯಂತೆ. ಕೊಬ್ಬರಿ ಮಂಡಿಯ ಕೆಲಸವೂ ಕಾಯಂ ಆಗಿದೆ. ಸ್ಕೂಲು ತೆರೆಯುವುದಕ್ಕೆ ಮುಂಚೆ ಬಂದು ಮಗಳನ್ನು ಕರೆದುಕೊಂಡು ಹೋಗುತ್ತೇನೆ ಎಂದು ಬರೆದಿದ್ದಾರೆ.

ಅವರ ಮೊದಲ ಹೆಂಡತಿ ಪ್ರೇಮಲೀಲಾ ಚಂದ್ರಮತಿಯನ್ನು ಹೆತ್ತ ಮೂರನೆಯ ದಿನ ಹೋಗಿಬಿಟ್ಟಳು. ಅಕ್ಕ ಎಂದು ನನ್ನ ಹೆಂಡತಿ ಸರ್ವಮಂಗಳಾ ಮಗುವನ್ನು ಎತ್ತಿಕೊಂಡು ಬಂದಳು, ನಮಗೂ ಮಕ್ಕಳಿರಲಿಲ್ಲ. ಆದರೆ ಸಾಕುತ್ತೇವೆ ಎಂದು ತಂದದ್ದೇ ಹೊರತು ದತ್ತು ಎಂದು ಯಾರೂ ಆಡಿರಲಿಲ್ಲ. ಮಗು ತಂದೆಯದು. ತಂದೆ ಕೇಳುತ್ತಿದ್ದಾರೆ. ಇದರಲ್ಲಿ ಯೋಚನೆ ಮಾಡುವುದೇನೂ ಇಲ್ಲ.

ಬರಬಹುದು ಎಂದು ಇವತ್ತೇ ಉತ್ತರ ಹಾಕಿದೆ. ಮಂಗಳಾಗೆ ಸಮಯ ನೋಡಿ ಹೇಳಬೇಕು.

೯ ಮೇ, ಸೋಮವಾರ

ಹೇಳಿದೆ. ಅವಳು ರಾಗಿಹಿಟ್ಟು ಜರಡಿ ಹಿಡಿಯುತ್ತಿದ್ದಳು.

"ಕಾಗದ ಯಾವಾಗ ಬಂತು?"

ಶನಿವಾರ ಎಂದೆ.

"ಉತ್ತರ?"

ಅವತ್ತೇ ಹಾಕಿದೆ ಎಂದೆ.

ಹಿಟ್ಟೆಲ್ಲ ಇಳಿದುಹೋದ ಮೇಲೂ ಬರೀ ಜರಡಿಯನ್ನು ಆಡಿಸುತ್ತಲೇ ಇದ್ದಳು. ಅಷ್ಟು ಶಾಂತವಾಗಿ ತೆಗೆದುಕೊಂಡದ್ದು ನೋಡಿ ಸಮಾಧಾನವಾಯಿತು.

೧೫ ಮೇ, ಭಾನುವಾರ

ನಾಲ್ಕನೆಯ ಅಧ್ಯಾಯವನ್ನು ಮೊದಲು ಬರೆದೆ. ಮಗು ಇರುವಷ್ಟರಲ್ಲಿ ಓದಿ ಹೇಳಿದರೆ ಆಯಿತು ಎಂದು.

"ಸಂಜೆಯಾಗುತ್ತಲೇ ಪ್ರತಿಯೊಂದು ಗೊರಿಲ್ಲಾ ತನ್ನ ಹಾಸಿಗೆಯನ್ನು ತಾನೇ ಮಾಡಿಕೊಳ್ಳುತ್ತದೆ. ಸುತ್ತಲಿನ ಗಿಡಗಳ ರೆಂಬೆಗಳನ್ನು ಬಗ್ಗಿಸಿ, ಮುರಿದು, ಸೊಪ್ಪನ್ನು ಮೈಗೆ ಸುತ್ತಲೂ ಒತ್ತರಿಸಿಕೊಂಡು ದುಂಡನೆಯ ಗೂಡು ಕಟ್ಟುತ್ತದೆ. ಐದು ನಿಮಿಷದ ಕೆಲಸ. ಭಾರವಾದ ಗಂಡುಗಳು ಹೆಚ್ಚಾಗಿ ನೆಲದ ಮೇಲೇ ಮಲಗುತ್ತವೆ, ಹಗುರಾದವು ಕೆಲವೊಮ್ಮೆ ಮರದಲ್ಲಿ. ಬೆಳಗಾದರೆ ಆ ಗೂಡನ್ನು ಬಿಟ್ಟು ಹೊರಡುತ್ತವೆ. ಮಾರನೆಯ ಸಂಜೆ ಬೇರೆ ಜಾಗ, ಬೇರೆ ಗೂಡು. ಮರಿಗೆ ಮಾತ್ರ ಗೂಡಿಲ್ಲ. ಮೂರು ವರ್ಷವಾಗುವವರೆಗೆ ಅದು ಅಮ್ಮನ ಗೂಡಿನಲ್ಲೇ ಮಲಗುತ್ತದೆ."

ಚಂದ್ರಮತಿ ಮಂಗಳಾಳ ಹಳೆಯ ಸೀರೆಗಳನ್ನೆಲ್ಲ ಎಳೆದುಕೊಂಡು ನಡುಮನೆಯಲ್ಲಿ ಗೂಡು ಮಾಡಿ ಅದರೊಳಗೆ ಕೂತಳು. ಅಮ್ಮನನ್ನೂ ಎಳೆದು ಕೂರಿಸಿಕೊಂಡಳು. ನನ್ನನ್ನು ಕರೆದಾಗ ನಾನು ಹೋಗಲಿಲ್ಲ. ಪುಟ ಮುಗಿಸಬೇಕಾಗಿತ್ತು.

೨೨ ಮೇ, ಭಾನುವಾರ

ಕರಿಬಸವಯ್ಯನವರು ನಿನ್ನೆ ಬಂದು ಇವತ್ತು ಮಗುವನ್ನು ಕರೆದುಕೊಂಡು ಹೋದರು. ಒಳ್ಳೆಯ ಮನುಷ್ಯ. ಮಗುವಿಗೆ ಬಣ್ಣದ ಬಳಪದ ಡಬ್ಬಿ ತಂದಿದ್ದರು. ಮಂಗಳಾಳ ಮುಂದೆ ನಿಂತು, "ನಿಮ್ ಋಣ ತೀರ್ಸೋಕಾಗಲ್ಲ ಅಕ್ಕಾ" ಎಂದರು. ಅವಳು ಊಟಕ್ಕೆ ಏಳಿ ಎಂದಳು.

ಮಗುವಿಗೆ ನಾನು ನಿಜವನ್ನೇ ಹೇಳಿದ್ದೆ. ಇವರು ನಿನ್ನ ತಂದೆ, ಇನ್ನು ಮೇಲೆ ನೀನು ಅಲ್ಲೇ ಇರುತ್ತೀಯ, ಅಲ್ಲೇ ಸ್ಕೂಲು. ಅವಳು ಕೇಳಿಸಿಕೊಂಡು ಸ್ಲೇಟನ್ನು ತಾನೇ ಚೀಲಕ್ಕೆ ಹಾಕಿಕೊಂಡಳು. ಮಕ್ಕಳಿಗೆ ನಿಜ ಹೇಳಿದರೆ ಅರ್ಥವಾಗುತ್ತದೆ ಎಂಬುದು ನನ್ನ ಅನುಭವ.

ಮಂಗಳಾ ಸ್ಟೇಷನ್ನಿಗೆ ಬರಲಿಲ್ಲ. ತಲೆ ಬಾಚಿ, ವಿಭೂತಿ ಇಟ್ಟು, ಬಾಗಿಲವರೆಗೆ ಬಂದು ನಿಂತಳು. ಜಟಕಾ ಕುಂಬಾರಕೊಪ್ಪಲಿನ ತಿರುವು ದಾಟುವವರೆಗೂ ಮಗು ಹಿಂದಕ್ಕೇ ನೋಡುತ್ತಿತ್ತು. ಸ್ಟೇಷನ್ನಿನಲ್ಲಿ ರೈಲು ನೋಡಿ ಖುಷಿಯಾಯಿತು. ಇಂಜಿನ್ ತೋರಿಸಿ ನೂರು ಪ್ರಶ್ನೆ. ಡಬ್ಬಿಯೊಳಕ್ಕೆ ಎತ್ತಿ ಕೂರಿಸಿದೆ. ಇಳಿಯಲು ತಿರುಗಿದಾಗ ನನ್ನ ಕೋಟಿನ ಅಂಚನ್ನು ಹಿಡಿದಿತ್ತು. "ನೀನೂ ಹತ್ತು" ಎಂದಿತು. ಗಾರ್ಡು ಸೀಟಿ ಊದಿದ. ಕರಿಬಸವಯ್ಯನವರು ಬಾರವ್ವ ಬಾರವ್ವ ಎಂದು ಕರೆಯುತ್ತಿದ್ದರೇ ಹೊರತು ಕೈ ಹಾಕಲಿಲ್ಲ. ಬೆರಳುಗಳನ್ನು ಒಂದೊಂದಾಗಿ ನಾನೇ ಬಿಡಿಸಿದೆ.

ಮನೆಗೆ ಬಂದಾಗ ಮಂಗಳಾ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ರೈಲು ಹೊತ್ತಿಗೆ ಸರಿಯಾಗಿ ಹೊರಟಿತು ಎಂದು ತಿಳಿಸಿದೆ.

೨೩ ಮೇ

ಏನೂ ಬರೆಯಲಾಗಲಿಲ್ಲ. ಸೆಖೆ.

೩೦ ಮೇ, ಸೋಮವಾರ

ಆಹಾರದ ಅಧ್ಯಾಯ. "ಗೊರಿಲ್ಲಾ ಮಾಂಸ ತಿನ್ನುವ ಮೃಗವಲ್ಲ. ಕಾಡುಸೆಲರಿಯಂಥ ರಸಭರಿತ ದಂಟು, ತುರಿಕೆಸೊಪ್ಪು, ಬಿದಿರಿನ ಕಳಲೆ, ಇವೇ ಅದರ ಊಟ. ದಂಟಿನ ಸಿಪ್ಪೆಯನ್ನು ಹಲ್ಲಿನಿಂದ ಸುಲಿದು ಒಳಗಿನ ತಿರುಳನ್ನು ನಿಧಾನವಾಗಿ ತಿನ್ನುತ್ತದೆ. ಸೊಪ್ಪಿನಲ್ಲೇ ಬೇಕಾದಷ್ಟು ನೀರಿರುವುದರಿಂದ ಹೊಳೆಯ ನೀರು ಕುಡಿಯುವುದು ಅಪರೂಪ."

ಬರೆದು ಮುಗಿಸಿ ಗಟ್ಟಿಯಾಗಿ ಓದಿದೆ. ಅಭ್ಯಾಸ. ಮೇಜಿನ ಕೆಳಗಿನಿಂದ ಪ್ರಶ್ನೆ ಬರುವುದಕ್ಕೆ ಸ್ವಲ್ಪ ಹೊತ್ತು ನಿಲ್ಲಿಸಿಯೂ ಬಿಟ್ಟೆ.

ಮಂಗಳಾ ಇನ್ನೂ ಮೂರು ಮುದ್ದೆಗೇ ಎಸರಿಡುತ್ತಿದ್ದಾಳೆ. ಹಿಟ್ಟು ದಂಡವಾಗುತ್ತದೆ ಎಂದು ಹೇಳೋಣವೆನಿಸಿತು, ಹೇಳಲಿಲ್ಲ.

೧೨ ಜೂನ್, ಭಾನುವಾರ

ಹಾಲು ಕೊಡುವ ಪಕ್ಕದ ಮನೆಯ ದೇವಿರಮ್ಮ ನನ್ನನ್ನು ಬೇಲಿಯ ಹತ್ತಿರ ನಿಲ್ಲಿಸಿದಳು.

"ಮೇಷ್ಟ್ರೇ, ಕರ ಕಿತ್ಕೊಂಡ್ರೆ ಎಮ್ಮೆ ಮೂರ್ ದಿನ ಅರಚ್ತದೆ, ಆಮೇಕೆ ಮೇವ್ ಮುಟ್ತದೆ. ನಿಮ್ಮನೆಯವ್ರು ಅರಚ್ತಾನೂ ಇಲ್ಲ, ಮುಟ್ತಾನೂ ಇಲ್ಲ. ಅದೇ ಕಣ್ರೀ ನಂಗೆ ಭಯ."

ಒಳಗೆ ಬಂದು ಮಂಗಳಾಳ ಹತ್ತಿರ ಕೂತೆ. ಕಾನೂನಿನ ಪ್ರಕಾರ, ನ್ಯಾಯದ ಪ್ರಕಾರ ಮಗು ಯಾರದು ಎಂದು ಮತ್ತೊಮ್ಮೆ ತಿಳಿಸಿ ಹೇಳಿದೆ. ಮಗುವಿನ ಮುಂದಿನ ಜೀವನಕ್ಕೂ ತಂದೆಯ ಮನೆಯೇ ಸರಿ ಎಂದೆ. ಅವಳು ಕೊನೆಯವರೆಗೂ ಕೇಳಿಸಿಕೊಂಡಳು.

"ನೀವು ಹೇಳೋದೆಲ್ಲ ಸರಿ" ಎಂದಳು. "ಒಂದು ಸಲ ಬೇಡ ಅಂದ್ರಾ? ಕೊನೆಗೆ ಕೊಡಲೇಬೇಕಾಗಿತ್ತು, ಗೊತ್ತು ನಂಗೆ. ಒಂದೇ ಒಂದು ಸಲ, ಕಾಗದದಲ್ಲಾದರೂ, ಬೇಡ ಅಂತ ಅಂದ್ರಾ?"

ಆಮೇಲೆ ಒಲೆಯ ಕಡೆ ಹೋದಳು.

೧೪ ಜೂನ್

ಇವತ್ತು ಚಂದ್ರಿಯ ಹುಟ್ಟುಹಬ್ಬ. ಆರು ತುಂಬಿತು. ಮಂಗಳಾ ಪಾಯಸ ಮಾಡಿ ದೇವಿರಮ್ಮನ ಮನೆಗೆ ಕಳಿಸಿಬಿಟ್ಟಳು. ನಮ್ಮ ಮನೆಯಲ್ಲಿ ಯಾರೂ ತಿನ್ನಲಿಲ್ಲ.

೨೬ ಜೂನ್, ಭಾನುವಾರ

ತಾಯಿ ಮತ್ತು ಮರಿಯ ಅಧ್ಯಾಯವನ್ನು ನಾಲ್ಕು ಸಲ ಹರಿದು ಹಾಕಿದೆ.

"ಹುಟ್ಟಿದಾಗ ಗೊರಿಲ್ಲಾ ಮರಿ ಎರಡು ಸೇರಿನಷ್ಟು ಹಗುರ. ಅಷ್ಟು ದೊಡ್ಡ ಅಮ್ಮನಿಗೆ ಅಷ್ಟು ಚಿಕ್ಕ ಮಗು. ಮೊದಲ ತಿಂಗಳುಗಳಲ್ಲಿ ಅದಕ್ಕೆ ಗಟ್ಟಿಯಾಗಿ ಹಿಡಿದುಕೊಳ್ಳಲು ಬರುವುದಿಲ್ಲ, ಆದ್ದರಿಂದ ಅಮ್ಮ ಒಂದು ಕೈಯಲ್ಲಿ ಅದನ್ನು ಎದೆಗೆ ಅವಚಿಕೊಂಡು ಉಳಿದ ಕೈಕಾಲಿನಲ್ಲಿ ನಡೆಯುತ್ತಾಳೆ. ಬೆರಳುಗಳನ್ನು ಮಡಚಿ ಗೆಣ್ಣಿನ ಮೇಲೆ ಭಾರ ಹಾಕಿ ನಡೆಯುವುದು ಗೊರಿಲ್ಲಾಗಳ ರೀತಿ. ಸ್ವಲ್ಪ ಬೆಳೆದ ಮೇಲೆ ಮರಿ ಬೆನ್ನೇರಿ ಕೂರುತ್ತದೆ."

ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಪುಸ್ತಕದಲ್ಲಿ ಒಂದು ಸಂಗತಿಯಿದೆ. ಒಂದು ತಾಯಿಯ ಮರಿ ಸತ್ತುಹೋಯಿತು. ಅವಳು ಅದನ್ನು ಬಿಡದೆ ನಾಲ್ಕು ದಿನ ಹೊತ್ತುಕೊಂಡೇ ತಿರುಗಿದಳು. ಕೊನೆಗೆ ದಾರಿಯಲ್ಲಿ ಬಿಟ್ಟು ಹೋದಳು. ನಿಜವಾದ್ದರಿಂದ ಇದನ್ನೂ ಬರೆದು ಮೇಜಿನ ಮೇಲಿಟ್ಟು ನಿನ್ನೆ ಸ್ಕೂಲಿನ ಕೆಲಸಕ್ಕೆ ಹೋಗಿದ್ದೆ. ಬಂದು ನೋಡಿದರೆ "ಬಿಟ್ಟು ಹೋದಳು" ಎಂಬ ಮಾತನ್ನು ಯಾರೋ ಪೆನ್ಸಿಲಿನಲ್ಲಿ ಹೊಡೆದು ಹಾಕಿದ್ದರು. ಮನೆಯಲ್ಲಿರುವುದು ಇಬ್ಬರೇ.

ಅದು ನಡೆದದ್ದು, ಹೊಡೆದು ಹಾಕುವ ಹಾಗಿಲ್ಲ ಎಂದೆ.

"ಅವಳು ಬಿಟ್ಟು ಹೋಗಲಿಲ್ಲ" ಎಂದಳು ಮಂಗಳಾ. "ಗುಂಪು ಹೊರಟಿತ್ತು. ಅವಳೂ ಹೋಗಬೇಕಾಯಿತು. ಹಾಗೆ ಬರೀರಿ."

ಪುಸ್ತಕ ತೆಗೆದು ಮತ್ತೆ ಓದಿದೆ. ಅದರಲ್ಲಿ ಹಾಗೇನೂ ಇಲ್ಲ. ಆದರೂ ಹಾಗೇ ಬರೆದೆ.

೧೭ ಜುಲೈ, ಭಾನುವಾರ

ಅರಸೀಕೆರೆಯಿಂದ ಕಾರ್ಡು. ಕರಿಬಸವಯ್ಯನವರದೇ ಅಕ್ಷರ, ಕೆಳಗೆ ಎರಡು ಸಾಲು ಚಂದ್ರಿಯದು. ದಪ್ಪ ದಪ್ಪ ಅಕ್ಷರ. "ದೊಡ್ಡಪ್ಪ ದೊಡ್ಡಮ್ಮನವರಿಗೆ ನಮಸ್ಕಾರ. ನಾನು ಚೆನ್ನಾಗಿದೀನಿ."

ಹೇಳಿಕೊಟ್ಟು ಬರೆಸಿರಬೇಕು. ಸಂಬಂಧ ಅದೇ ತಾನೆ. ಮಂಗಳಾ ಮಗುವಿನ ತಾಯಿಯ ಅಕ್ಕ, ಅಂದ ಮೇಲೆ ದೊಡ್ಡಮ್ಮ. ತಪ್ಪೇನಿಲ್ಲ. 'ಡ್ಡ' ಒತ್ತನ್ನು ಸರಿಯಾಗಿ ಹಾಕಿದ್ದಾಳೆ, ಇಲ್ಲಿದ್ದಾಗ ಬರುತ್ತಿರಲಿಲ್ಲ.

ಮಂಗಳಾ ಕಾರ್ಡನ್ನು ಎರಡು ಸಲ ಓದಿ ಉತ್ತರ ಬರೆಯಲು ಕೂತಳು. ಮುಗಿಸಿ ಅಂಚೆಗೆ ಹಾಕಲು ನನಗೆ ಕೊಟ್ಟಳು. ಕೊನೆಯಲ್ಲಿ "ಇಂತಿ ನಿನ್ನ ಅಮ್ಮ" ಎಂದು ಬರೆದು, 'ಅಮ್ಮ'ದ ಹಿಂದೆ ಇರುಕು ಜಾಗದಲ್ಲಿ 'ದೊಡ್ಡ' ಸೇರಿಸಿದ್ದಳು.

ಅಂಚೆ ಡಬ್ಬದ ಮುಂದೆ ಬಹಳ ಹೊತ್ತು ನಿಂತಿದ್ದೆ. ಯಾರೋ ಹುಷಾರಿಲ್ಲವಾ ಸಾರ್ ಎಂದು ಕೇಳಿದರು.

೭ ಆಗಸ್ಟ್

ಗೋವಿಂದರಾಜು ಅವರಲ್ಲಿಗೆ ಹೋಗಿದ್ದೆ. ಅರ್ಧ ಪ್ರತಿ ಓದಿದ್ದಾರೆ. ತುಂಬ ಸಪ್ಪೆಯಾಯಿತು, ಗೊರಿಲ್ಲಾ ಮನುಷ್ಯನ ಮೇಲೆ ಬೀಳುವ ಒಂದು ರೋಮಾಂಚಕಾರಿ ಘಟನೆ ಸೇರಿಸಿ ಎಂದರು. ಆಗುವುದಿಲ್ಲ ಎಂದೆ. ಮಾಲೆಯಿಂದ ಕೈಬಿಡಬೇಕಾದೀತು ಎಂದರು. ಬಿಡಿ, ಆದರೆ ಸುಳ್ಳು ಬರೆಯುವುದಿಲ್ಲ ಎಂದು ಎದ್ದು ಬಂದೆ. ದನಿ ಏರಿತ್ತು ಅಂತ ಕಾಣುತ್ತದೆ, ಮುಂದಿನ ಕೋಣೆಯವರು ತಲೆ ಎತ್ತಿ ನೋಡಿದರು. ನಾನು ಯಾರಿಗೂ ಹಾಗೆ 'ಆಗುವುದಿಲ್ಲ' ಎಂದವನಲ್ಲ.

೨೧ ಆಗಸ್ಟ್, ಭಾನುವಾರ

ಗೋವಿಂದರಾಜು ಹೇಳಿ ಕಳಿಸಿದ್ದಾರೆ, ನಿಮ್ಮಿಷ್ಟದಂತೆ ಬರೆಯಿರಿ ಎಂದು. ಇವತ್ತು ಗಂಡಿನ ಅಧ್ಯಾಯ.

"ಮಕ್ಕಳೇ, ಗುಂಪಿನ ಹಿರಿಯ ಗಂಡಿನ ಬೆನ್ನು ಬೂದಿ ಬಳಿದಂತೆ ಬೆಳ್ಳಗಿರುತ್ತದೆ. ಎಲ್ಲಿ ಮೇಯಬೇಕು, ಯಾವಾಗ ಹೊರಡಬೇಕು, ಎಲ್ಲಿ ತಂಗಬೇಕು ಎಂಬುದೆಲ್ಲ ಅವನ ತೀರ್ಮಾನ. ಅವನು ಎದ್ದರೆ ಎಲ್ಲರೂ ಏಳುತ್ತಾರೆ. ಅಪಾಯ ಬಂದಾಗ ಎದ್ದು ನಿಂತು ಎರಡು ಕೈಯಿಂದಲೂ ಎದೆ ಬಡಿದುಕೊಳ್ಳುತ್ತಾನೆ. ಆ ಸದ್ದು ಬೆಟ್ಟದಾಚೆಗೂ ಕೇಳುತ್ತದೆ. ಹೆಚ್ಚಾಗಿ ಅದು ಹೆದರಿಸುವುದಕ್ಕಷ್ಟೆ, ಹೊಡೆದಾಟವಲ್ಲ. ಆದರೆ ಮಧ್ಯಾಹ್ನ ಅವನು ಮಲಗಿದಾಗ ಮರಿಗಳು ಅವನ ಹೊಟ್ಟೆಯ ಮೇಲೆ ಹತ್ತಿ ಜಾರಾಡುತ್ತವೆ, ಅವನು ಸುಮ್ಮನಿರುತ್ತಾನೆ. ಅವನಿಗೆ ಮಾತು ಬರುವುದಿಲ್ಲ. ಬಂದಿದ್ದರೂ ಹೇಳುತ್ತಿರಲಿಲ್ಲವೇನೋ. ಅವನ ಮರಿಯನ್ನು ಯಾರಾದರೂ ಕೇಳಲು ಬಂದರೆ ಅವನು ಎದೆ ಬಡಿದುಕೊಳ್ಳುತ್ತಾನೆ. ಕೊಡುವುದಿಲ್ಲ."

ಕೊನೆಯ ನಾಲ್ಕು ವಾಕ್ಯಗಳಿಗೆ ಆಧಾರವಿಲ್ಲ. ತೆಗೆಯಬೇಕು.

೨೫ ಸೆಪ್ಟೆಂಬರ್, ಭಾನುವಾರ

ದಸರೆಗೆ ಚಂದ್ರಿಯನ್ನು ಕಳಿಸುವ ಮಾತಿತ್ತು. ಕಳಿಸಲಾಗುವುದಿಲ್ಲ ಎಂದು ಕಾಗದ ಬಂದಿದೆ. ಕರಿಬಸವಯ್ಯನವರ ಹೆಂಡತಿ ಸಿದ್ದಲಿಂಗಮ್ಮನಿಗೆ ಹೆರಿಗೆಯಾಗಿದೆ, ಗಂಡುಮಗು. ಕರೆತರಲು ಯಾರಿಗೂ ಬಿಡುವಿಲ್ಲ.

ಮಂಗಳಾ ಒಂದು ತಿಂಗಳಿಂದ ಹಸಿರು ಲಂಗ, ರವಿಕೆ ಹೊಲಿಯುತ್ತಿದ್ದಳು. ಕಾಗದ ಓದಿದ ಮೇಲೂ ಹೊಲಿಗೆ ನಿಲ್ಲಿಸಲಿಲ್ಲ.

"ನೀವು ಹೋಗಿ ನೋಡಿಕೊಂಡು ಬನ್ನಿ" ಎಂದಳು.

ಇಬ್ಬರೂ ಹೋಗೋಣ ಎಂದೆ.

"ನಾನು ಬಂದರೆ ಅವಳನ್ನ ಬಿಟ್ಟು ಬರೋಕಾಗಲ್ಲ. ಅಲ್ಲಿ ರಂಪ ಆಗತ್ತೆ. ನೀವಾದರೆ ಬಿಟ್ಟು ಬರ್ತೀರಿ."

ಬೈದು ಹೇಳಿದ್ದಲ್ಲ. ಸುಮ್ಮನೆ ಹೇಳಿದಳು.

೧೫ ಅಕ್ಟೋಬರ್, ಶನಿವಾರ. ಅರಸೀಕೆರೆ

ಕರಿಬಸವಯ್ಯನವರ ಜಗುಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಅವರು ಮಂಡಿಯಿಂದ ಇನ್ನೂ ಬಂದಿಲ್ಲ.

ರೈಲಿನಲ್ಲಿ ಬರುವಾಗ ಏನೇನೋ ಯೋಚಿಸಿದ್ದೆ. ಮಗು ಬಡವಾಗಿರುತ್ತದೆ, ತಲೆ ಗಂಟು ಕಟ್ಟಿರುತ್ತದೆ, ನನ್ನನ್ನು ಕಂಡ ತಕ್ಷಣ ಕೋಟು ಹಿಡಿದುಕೊಳ್ಳುತ್ತದೆ. ಹಾಗಿದ್ದರೆ ಈ ಸಲ ಏನು ಹೇಳಬೇಕು ಎಂಬುದನ್ನೂ ತೀರ್ಮಾನಿಸಿದ್ದೆ.

ಚಂದ್ರಿ ಚೆನ್ನಾಗಿದ್ದಾಳೆ. ಎತ್ತರವಾಗಿದ್ದಾಳೆ, ಮುಂದಿನ ಹಲ್ಲು ಬಿದ್ದಿದೆ. ಎಣ್ಣೆ ಹಾಕಿ ಎರಡು ಜಡೆ ಹೆಣೆದಿದ್ದಾರೆ. ಬಾಗಿಲ ಸಂದಿಯಿಂದ ನೋಡಿ, ಒಳಗೆ ಓಡಿ, "ಅವ್ವಾ, ಮೈಸೂರು ದೊಡ್ಡಪ್ಪ ಬಂದವ್ರೆ" ಎಂದು ಕೂಗಿದಳು. ಮಾತು ಈ ಕಡೆಯದಾಗಿದೆ. ಸಿದ್ದಲಿಂಗಮ್ಮ ಬಾಣಂತಿ, ತಲೆಗೆ ಬಟ್ಟೆ ಕಟ್ಟಿಕೊಂಡೇ ಎದ್ದು ಬಂದು ನೀರು ಕೊಟ್ಟಳು. ಇಪ್ಪತ್ತೆರಡರ ಹುಡುಗಿ. ಮಗುವಿನ ಮೇಲೆ ಪ್ರೀತಿಯಿದೆ, ಅದು ಕೈ ಹಾಕುವ ರೀತಿಯಲ್ಲೇ ತಿಳಿಯುತ್ತದೆ. ನಾನು ಎಷ್ಟು ಹುಡುಕಿದರೂ ಈ ಮನೆಯಲ್ಲಿ ಒಂದು ಕುಂದು ಕಾಣಿಸಲಿಲ್ಲ.

ಹಸಿರು ರವಿಕೆ ತೋಳಿನಲ್ಲಿ ಬಿಗಿ. ಮಂಗಳಾ ಮೇ ತಿಂಗಳ ಅಳತೆಗೆ ಹೊಲಿದಿದ್ದಾಳೆ. ತೊಡಿಸಿ, ಮತ್ತೆ ಬಿಚ್ಚಿ ಇಟ್ಟರು.

ಹಸ್ತಪ್ರತಿ ತಂದಿದ್ದೆ. ಓದಿ ಹೇಳಲಾ ಎಂದು ಕೇಳಿದೆ. ಅವಳು ತೊಟ್ಟಿಲ ಪಕ್ಕದಲ್ಲಿ ಕೂತು ಹಗ್ಗ ಹಿಡಿದುಕೊಂಡು ಕೇಳಿದಳು. ನಡುವೆ ಪ್ರಶ್ನೆ ಕೇಳಲಿಲ್ಲ. ಎರಡು ಪುಟವಾದ ಮೇಲೆ, "ಸ್ವಲ್ಪ ಮೆಲ್ಲಗೆ ಓದಿ, ಪಾಪು ಎದ್ದುಬಿಡ್ತದೆ" ಎಂದಳು.

ಓದಿ ಎಂದಳು. ಓದು ಎನ್ನಲಿಲ್ಲ. ಹುಟ್ಟಿದಾಗಿನಿಂದ ಅವಳು ನನ್ನನ್ನು ನೀವು ಎಂದದ್ದಿಲ್ಲ.

ಮತ್ತೆ ಓದಲು ಆಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡೆ. ನಾಲ್ಕು ದಿನ ಮೈಸೂರಿಗೆ ಬರುತ್ತೀಯಾ, ನಾನೇ ಕರೆದುಕೊಂಡು ಬಂದು ಬಿಡುತ್ತೇನೆ ಎಂದು ಕೇಳಿದೆ. ಒಳಗಿನಿಂದ ಸಿದ್ದಲಿಂಗಮ್ಮನೇ, "ಓಗಿ ಬಾ ಕಣವ್ವ, ನಾಲ್ಕ್ ದಿನ ತಾನೆ" ಎಂದಳು. ಚಂದ್ರಿ ತೊಟ್ಟಿಲ ಕಡೆ ನೋಡಿದಳು.

"ಪಾಪು ಅಳ್ತದೆ" ಎಂದಳು. "ನಾನ್ ತೂಗಿದ್ರೇನೆ ಅದು ಮಲಗೋದು."

ಸ್ವಲ್ಪ ಹೊತ್ತಾದ ಮೇಲೆ ದೇವಿರಮ್ಮನ ಎಮ್ಮೆ ಕರು ಎಷ್ಟು ದೊಡ್ಡದಾಗಿದೆ ಎಂದು ಕೇಳಿದಳು. ಕೈ ಎತ್ತಿ ತೋರಿಸಿದೆ. ಕೊಂಬು ಬಂತಾ ಎಂದಳು. ಇನ್ನೂ ಇಲ್ಲ ಎಂದೆ. ಮತ್ತೆ ಯಾರ ವಿಷಯವನ್ನೂ ಕೇಳಲಿಲ್ಲ. ನಾನು ಸಂಜೆಯವರೆಗೂ ಕಾದೆ.

೧೬ ಅಕ್ಟೋಬರ್, ಭಾನುವಾರ

ಮೂರು ಗಂಟೆಗೆ ಮೈಸೂರು ತಲುಪಿದೆ. ಮನೆಗೆ ನಡೆದುಕೊಂಡೇ ಬಂದೆ. ಊರೆಲ್ಲ ದಸರೆಗೆ ಬಂದ ಜನ, ಎಲ್ಲರ ಹೆಗಲ ಮೇಲೂ ಮಕ್ಕಳು.

ಮಂಗಳಾ ಬಾಗಿಲಲ್ಲೇ ನಿಂತಿದ್ದಳು. ನನ್ನ ಹಿಂದೆ ಒಮ್ಮೆ ನೋಡಿದಳು, ಯಾರೂ ಇರಲಿಲ್ಲ. ಕೈಕಾಲು ತೊಳೆದುಕೊಂಡು ಬಂದೆ. ಮಗಳು ಆರೋಗ್ಯವಾಗಿದ್ದಾಳೆ, ಆ ಹುಡುಗಿ ಚೆನ್ನಾಗಿ ನೋಡಿಕೊಳ್ಳುತ್ತಾಳೆ, ಹಲ್ಲು ಬಿದ್ದಿದೆ, ಎರಡು ಜಡೆ ಹಾಕುತ್ತಾರೆ, ಎಲ್ಲವನ್ನೂ ಹೇಳಿದೆ. ಲಂಗ ಸರಿಯಾಯಿತಾ ಎಂದಳು. ಸರಿಯಾಯಿತು ಎಂದೆ. ಕಾಫಿ ತಂದುಕೊಟ್ಟು, ಲೋಟ ಖಾಲಿಯಾಗುವವರೆಗೂ ಎದುರಿಗೇ ಕೂತಿದ್ದಳು.

"ನನ್ನ ಕೇಳಿದಳಾ?"

ಕೇಳಿದಳು ಎಂದೆ.

"ಏನಂತ?"

"ಅಮ್ಮ ಯಾಕೆ ಬರಲಿಲ್ಲ ಅಂತ."

"ನೀವೇನಂದ್ರಿ?"

"ಕಾಲು ನೋವು, ಅದಕ್ಕೇ ಬರಲಿಲ್ಲ ಅಂದೆ. ಎಣ್ಣೆ ತಿಕ್ಕು ಅಂತ ಹೇಳಿ ಕಳಿಸಿದ್ದಾಳೆ."

"ಅಮ್ಮ ಅಂತಲೇ ಅಂದಳಾ?"

"ಅಮ್ಮ ಅಂತಲೇ."

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮೇ ತಿಂಗಳಿಂದ ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ. ಇವತ್ತು ಅತ್ತಳು, ಬೇಲಿಯಾಚೆ ದೇವಿರಮ್ಮನಿಗೆ ಕೇಳುವಷ್ಟು. ನಾನು ಎದ್ದು ಹೋಗಿ ನೆಲದ ಮೇಲೆ ಅವಳ ಪಕ್ಕದಲ್ಲಿ ಕೂತೆ. ದೀಪ ಹಚ್ಚುವ ಹೊತ್ತಾಯಿತು, ಇಬ್ಬರೂ ಏಳಲಿಲ್ಲ.

ಎಣ್ಣೆ ತಿಕ್ಕು ಎಂದದ್ದೂ ನಾನು ಆ ಕ್ಷಣಕ್ಕೆ ಕಟ್ಟಿದ ಮಾತು. ಆದರೆ ಇದನ್ನು ಬರೆಯುತ್ತಿರುವಾಗ ಮಗಳು ಹಾಗೆ ಹೇಳಿದ್ದು, ಆ ಹಲ್ಲಿಲ್ಲದ ಬಾಯಿಂದ, ನನಗೆ ಚೆನ್ನಾಗಿ ಕೇಳಿಸುತ್ತಿದೆ.